ಒಂದು ರನ್ನಿಗೆ ಸೋತ ಅಜೇಯರು

ನಮ್ಮ ಕಡೆಯ ಪತ್ರಿಕೆಗಳಲ್ಲಿ ಕ್ರಿಕೆಟ್ ವರದಿ ಬರೆಯುವವರು, ಔಟಾಗದೆ ಉಳಿದ ಬ್ಯಾಟ್ಸ್‌ಮನ್ನನ ಹೆಸರಿನ ಮುಂದೆ 'ಅಜೇಯ' ಎಂದು ಬರೆಯುತ್ತಾರೆ. ತಂಡ ಸೋತು ಸುಣ್ಣವಾಗಿದ್ದರೂ ಸರಿ, ಕೊನೆಗೆ ಕ್ರೀಸಿನಲ್ಲಿ ನಿಂತಿದ್ದವನು ಅಜೇಯ. ನಾನು ಆಡಿದ ತಂಡದ ಕ್ಯಾಪ್ಟನ್ನರು ಈ ಒಂದು ಪದದ ಮೇಲೆ ಇಡೀ ಬದುಕು ಕಳೆದರು. ಹೋದ ತಿಂಗಳು ಅವರು ತೀರಿಕೊಂಡಾಗ ಹುಬ್ಬಳ್ಳಿಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅದನ್ನೇ ಹಿಡಿದು ಎಳೆದರು. ಬಾಳೆಂಬ ಆಟದಲ್ಲೂ ಅವರು ಅಜೇಯರೇ ಎಂದು ಒಬ್ಬರು ಹೇಳಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕೂತು ನಗು ತಡೆದುಕೊಳ್ಳಲು ಕೆಮ್ಮಿದೆ. ಪಕ್ಕದವರು ನನಗೆ ದುಃಖ ಒತ್ತರಿಸಿ ಬಂದಿದೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಊರಿನಲ್ಲಿ ನಾಲ್ಕು ಜನ ಸಿಟ್ಟಾಗುತ್ತಾರೆ, ಉಳಿದವರು ಅವರು ಯಾರು ಎಂದು ಕೇಳುತ್ತಾರೆ. ಬದುಕಿದ್ದರೆ ಈ ಎರಡನೆಯದೇ ಅವರಿಗೆ ಹೆಚ್ಚು ಚುಚ್ಚುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹುಬ್ಬಳ್ಳಿ ಪಕ್ಕದ ತಾರಿಹಾಳದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ ಕ್ಲಾರ್ಕ್ ಆಗಿದ್ದೆ. ನಮ್ಮ ಜಿ.ಎಂ. ಸಾಹೇಬರಿಗೆ ಇದ್ದಕ್ಕಿದ್ದಂತೆ ಕಾರ್ಖಾನೆಗೆ ಒಂದು ಕ್ರಿಕೆಟ್ ತಂಡ ಬೇಕು ಅನ್ನಿಸಿತು. ಅವರಿಗೆ ಆಟದ ಗಂಧಗಾಳಿ ಇರಲಿಲ್ಲ. ಲೀಗಿನಲ್ಲಿ ಗೆದ್ದರೆ ಪೇಪರಿನಲ್ಲಿ ಕಾರ್ಖಾನೆಯ ಹೆಸರು ಪುಕ್ಕಟೆ ಬರುತ್ತದೆ ಎಂದು ಯಾರೋ ತಲೆಯಲ್ಲಿ ತುಂಬಿದ್ದರು. ಹೀಗಾಗಿ ಹುಬ್ಬಳ್ಳಿ-ಧಾರವಾಡ ಅವಳಿ ಊರಿನ ಒಳ್ಳೆಯ ಆಟಗಾರರನ್ನು ಹುಡುಕಿ ತಂದು ನೌಕರಿ ಕೊಟ್ಟರು. ಮುಂಜಾನೆ ಪ್ರ್ಯಾಕ್ಟೀಸು, ಊಟವಾದ ಮೇಲೆ ಹೆಸರಿಗೊಂದು ಕೆಲಸ. ಆಡುವುದೇ ಅವರ ಉದ್ಯೋಗ. ಮೊದಲ ಆರು ತಿಂಗಳು ಟೆಂಪರವರಿ, ಆಮೇಲೆ ಪರ್ಮನೆಂಟ್. ಯಾರನ್ನು ಪರ್ಮನೆಂಟ್ ಮಾಡಬೇಕೆಂದು ಶಿಫಾರಸು ಮಾಡುವವರು ಪರ್ಸೊನೆಲ್ ಆಫೀಸರು. ಆ ಪರ್ಸೊನೆಲ್ ಆಫೀಸರೇ ತಂಡದ ಕ್ಯಾಪ್ಟನ್. ಈಗ ಅವರ ಬ್ಯಾಟಿಂಗ್ ಬಗ್ಗೆ ಯಾರು ಏನು ಹೇಳಿಯಾರು?

ನಾನು ಮೊದಲಿನಿಂದಲೂ ಕಾರ್ಖಾನೆಯಲ್ಲಿ ಇದ್ದವನು, ಕಾಲೇಜಿನಲ್ಲಿ ವಿಕೆಟ್ ಕೀಪರ್ ಆಗಿದ್ದೆನೆಂದು ತಂಡಕ್ಕೆ ಸೇರಿಸಿಕೊಂಡಿದ್ದರು. ಕೀಪರ್ ಆದವನು ಸ್ಲಿಪ್ಪಿನಲ್ಲಿ ನಿಂತವರ ಪಕ್ಕದಲ್ಲೇ ಇರಬೇಕಾಗುತ್ತದೆ. ಸ್ಲಿಪ್ಪಿನಲ್ಲಿ ಸದಾ ಕ್ಯಾಪ್ಟನ್ನರೇ. ಆದ್ದರಿಂದ ಅವರನ್ನು ನನ್ನಷ್ಟು ಹತ್ತಿರದಿಂದ ಸಹಿಸಿಕೊಂಡವರು ಅವರ ಹೆಂಡತಿಯ ಹೊರತು ಇನ್ನೊಬ್ಬರಿಲ್ಲ.

ಅವರು ಬಗ್ಗುತ್ತಿರಲಿಲ್ಲ. ಸೊಂಟ ನೋವಾಗಲಿ ಏನಾಗಲಿ ಇರಲಿಲ್ಲ, ನಲವತ್ತರ ಆಸುಪಾಸಿನ ಗಟ್ಟಿ ಆಳು. ಚೆಂಡು ತಮ್ಮ ಕಡೆಗೆ ಬಂದರೆ ಬೂಟುಗಾಲು ಅಡ್ಡ ಇಟ್ಟು ನಿಲ್ಲಿಸುವರು. ನಿಲ್ಲಿಸಿ, ಅದನ್ನೇ ನೋಡುತ್ತ ನಿಲ್ಲುವರು, ರಸ್ತೆಯಲ್ಲಿ ಯಾರೋ ಬೀಳಿಸಿ ಹೋದ ವಸ್ತುವನ್ನು ನೋಡಿದಂತೆ. ಹತ್ತಿರದಲ್ಲಿದ್ದ ಯಾರಾದರೂ ಓಡಿ ಬಂದು ಎತ್ತಿಕೊಳ್ಳಬೇಕು. ಬಹಳಷ್ಟು ಸಲ ಆ ಯಾರಾದರೂ ಎಂದರೆ ನಾನು.

ಬ್ಯಾಟಿಂಗಿಗೆ ಯಾವಾಗ ಇಳಿಯಬೇಕೆಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎದುರಾಳಿ ಸಪ್ಪೆ ಇದ್ದರೆ ಮೂರನೆಯವರಾಗಿ ಹೋಗುವರು. ಬೌಲರ್ ಖಡಕ್ ಇದ್ದಾನೆಂದು ಗೊತ್ತಾದರೆ ಟವೆಲ್ಲು ಹೊದ್ದು ನೆರಳಿನಲ್ಲಿ ಕೂತು, ಎಳೆಯರಿಗೆ ಅವಕಾಶ ಕೊಡಬೇಕು ಎನ್ನುವರು. ಎಳೆಯರು ಪೆಟ್ಟು ತಿಂದು ಔಟಾಗಿ ಬಂದು, ಆ ಬೌಲರನೂ ದಣಿದ ಮೇಲೆ ಏಳನೆಯವರಾಗಿ ಗ್ಲೋವ್ಸ್ ಹಾಕಿಕೊಂಡು ಏಳುವರು. ರನ್ ಓಡುವಾಗ ಅವರ ಬಾಯಿಂದ ಎರಡೇ ಮಾತು. ತಮ್ಮ ರನ್ನಾದರೆ 'ಬಾ ಬಾ', ಜೊತೆಗಾರನ ರನ್ನಾದರೆ ಚೆನ್ನಮ್ಮ ಸರ್ಕಲ್ಲಿನ ಪೊಲೀಸನಂತೆ ಎತ್ತಿದ ಕೈ. 'ವಿಕೆಟ್ ಕೊಡೂದು ಅಂದ್ರ ಮರ್ಯಾದಿ ಕೊಟ್ಟಂಗ' ಎಂಬುದು ಅವರ ಘೋಷವಾಕ್ಯ. ಮ್ಯಾಚು ಸೋತ ಸಂಜೆ ನಾವು ಗಿರ್ಮಿಟ್ ತಿನ್ನುತ್ತಿರುವಾಗ ಇದನ್ನು ಹೇಳಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುವರು. ಎಂದೋ ಯೂನಿವರ್ಸಿಟಿ ತಂಡಕ್ಕೆ ಒಂದು ಮ್ಯಾಚು ಆಡಿದ್ದರಂತೆ. 'ನಾವು ಯೂನಿವರ್ಸಿಟಿಗೆ ಆಡುವಾಗ' ಎಂದೇ ಮಾತು ಶುರುವಾಗುತ್ತಿತ್ತು, ಕ್ಯಾಂಟೀನಿನ ಚಹಾದಲ್ಲಿ ಸಕ್ಕರೆ ಕಡಿಮೆಯಾದ ವಿಷಯವಾದರೂ.

ನಿಜ ಹೇಳಬೇಕೆಂದರೆ ಅವರಿಗೆ ಆಡಲು ಬರುತ್ತಿತ್ತು. ಕವರ್ಸ್ ಕಡೆಗೆ ಚೆಂಡು ತಳ್ಳಿದರೆಂದರೆ ನೋಡುವವನ ಕಣ್ಣು ತಣ್ಣಗಾಗಬೇಕು. ಬರದವನು ಅಂಜಿದರೆ ಪಾಪ ಅನ್ನಬಹುದು. ಬರುವವನೇ ಅಂಜಿದರೆ ಏನನ್ನಬೇಕು?

ಎರಡನೆಯ ವರ್ಷ ಬಂದ ಹೊಸ ಆಟಗಾರರಲ್ಲಿ ಇಮ್ತಿಯಾಜ್ ಎಂಬ ವೇಗದ ಬೌಲರ್ ಇದ್ದ. ಬೆಂಗೇರಿಯವನು. ಅವನ ತಂದೆ ಮನೆ ಮುಂದಿನ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇಥ್ ಇಟ್ಟುಕೊಂಡಿದ್ದರು. ಇಮ್ತಿಯಾಜ್ ಉದ್ದ ಕೈಕಾಲಿನ, ಕಡಿಮೆ ಮಾತಿನ ಹುಡುಗ. ಬೌಲಿಂಗ್ ಹಾಕಲು ಓಡಿಬಂದರೆ ಕೀಪರ್ ಆದ ನನ್ನ ಅಂಗೈ ಉರಿಯುತ್ತಿತ್ತು. ಬ್ಯಾಟಿಂಗಿನಲ್ಲಿ ಮಾತ್ರ ಕೊನೆಯವನು. ಟೆಂಪರವರಿಯಲ್ಲಿ ನಾಲ್ಕು ತಿಂಗಳು ಕಳೆದಿದ್ದ. ಪರ್ಮನೆಂಟ್ ಆದರೆ ಮನೆಯಲ್ಲಿ ಮದುವೆಯ ಮಾತು ಮುಂದುವರಿಸುತ್ತಾರೆ ಎಂದು ನನಗೊಮ್ಮೆ ಹೇಳಿದ್ದ. ಹುಡುಗಿ ಗದಗಿನವಳು, ಅವಳ ತಂದೆಗೆ ಗಟ್ಟಿ ನೌಕರಿ ಇರುವ ಅಳಿಯ ಬೇಕಾಗಿತ್ತು.

ದೀಪಾವಳಿ ಮುಗಿದ ಕೂಡಲೇ ಲೀಗ್ ಶುರುವಾಯಿತು. ಆ ಸಲದ ನಮ್ಮ ಮೊದಲ ಮ್ಯಾಚು ಧಾರವಾಡದ ಒಂದು ಕಾಲೇಜು ಮೈದಾನದಲ್ಲಿ, ಅಲ್ಲಿನದೇ ಒಂದು ಹಳೆಯ ತಂಡದ ಮೇಲೆ. ಮಳೆಗಾಲದ ಹುಲ್ಲು ಇನ್ನೂ ಮೈದಾನದ ಅಂಚಿನಲ್ಲಿ ಎತ್ತರಕ್ಕಿತ್ತು, ಹೊಡೆದ ಚೆಂಡು ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಅವರು ಮೊದಲು ಆಡಿ ನೂರಾ ಎಂಬತ್ತೊಂದು ಮಾಡಿದರು. ಇನ್ನೂರೈವತ್ತು ಆಗಬೇಕಾದ್ದನ್ನು ಅಲ್ಲಿಗೆ ತಡೆದವನು ಇಮ್ತಿಯಾಜ್, ಅರ್ಧ ತಂಡವನ್ನು ಅವನೊಬ್ಬನೇ ಉರುಳಿಸಿದ.

ನಾವು ಆಡಲು ಇಳಿದಾಗ ಅವರ ಬೌಲರ್ ಖಡಕ್ ಇದ್ದಾನೆಂದು ಗೊತ್ತಾಯಿತು. ಕ್ಯಾಪ್ಟನ್ನರು ಟವೆಲ್ಲು ಹೊದ್ದು ಕೂತರು. ನಾನು ಇಪ್ಪತ್ತು ಚಿಲ್ಲರೆ ಹೊಡೆದು ಔಟಾಗಿ ಬಂದು, ರನ್ ಬರೆಯುವವರ ಮೇಜಿನ ಪಕ್ಕ ಬೇವಿನ ನೆರಳಿನಲ್ಲಿ ಕೂತೆ. ಏಳನೆಯವರಾಗಿ ಹೋದ ಕ್ಯಾಪ್ಟನ್ನರು ಚೆನ್ನಾಗಿಯೇ ಆಡಿದರು. ಆದರೆ ಎದುರಿನ ತುದಿಯಲ್ಲಿ ಒಬ್ಬೊಬ್ಬರೇ ಹೋಗುತ್ತಿದ್ದರು, ಅದರಲ್ಲಿ ಇಬ್ಬರು ಇವರು ಎತ್ತಿದ ಕೈ ನಂಬಿ ನಟ್ಟನಡುವೆ ನಿಂತು ರನ್ ಔಟ್ ಆದವರು. ಕಡೆಗೆ ಉಳಿದದ್ದು ಇವರು ಮತ್ತು ಇಮ್ತಿಯಾಜ್. ಕೊನೆಯ ಓವರಿನಲ್ಲಿ ಎರಡು ಚೆಂಡು ಬಾಕಿ, ಗೆಲ್ಲಲು ನಾಲ್ಕು ರನ್ ಬೇಕು. ಆಡುವ ತುದಿಯಲ್ಲಿ ಕ್ಯಾಪ್ಟನ್ನರು. ಅವರ ಸ್ವಂತ ಗಳಿಕೆ ಆಗ ನಲವತ್ತೆಂಟು.

ಅವರು ಆ ಚೆಂಡನ್ನು ಕವರ್ಸ್ ಮೇಲೆ ಎತ್ತಿ ಹೊಡೆದರು. ಅದು ದೂರದ ಹುಲ್ಲಿಗೆ ಹೋಗಿ ನಿಂತಿತು. ಇಬ್ಬರೂ ಮೂರು ಸಲ ಓಡಿದರು. ನಾವೆಲ್ಲ ಎದ್ದು ನಿಂತೆವು. ಎರಡನೆಯ ರನ್ನು ಮುಗಿದಾಗಲೇ ಕ್ಯಾಪ್ಟನ್ನರು ಓಡುತ್ತಲೇ ಬ್ಯಾಟ್ ಎತ್ತಿ ನಮಗೆ ತೋರಿಸಿದರು, ಐವತ್ತಾಗಿತ್ತಲ್ಲ. ಮೂರನೆಯದೂ ಮುಗಿಯಿತು. ಆಗ ಬೌಲರ್ ತುದಿಯ ಅಂಪೈರ್ ಬೆರಳ ತುದಿಯಿಂದ ತಮ್ಮ ಹೆಗಲು ಮುಟ್ಟಿಕೊಂಡರು. ಒಂದು ರನ್ ಕಡಿತ ಎಂದರ್ಥ. ರನ್ ಓಡುವವನು ತಿರುಗುವ ಮೊದಲು ಗೆರೆಯ ಆಚೆ ಬ್ಯಾಟಿನಿಂದ ನೆಲ ಮುಟ್ಟಬೇಕು. ಮುಟ್ಟದಿದ್ದರೆ ಆ ರನ್ನು ಲೆಕ್ಕಕ್ಕಿಲ್ಲ. ಮೊದಲ ರನ್ನಿಗೆ ಆ ತುದಿಯಲ್ಲಿ ತಿರುಗಿದವರು ಕ್ಯಾಪ್ಟನ್ನರು. ಗೆರೆಗೆ ಇನ್ನೂ ಒಂದು ಮಾರು ಇರುವಾಗಲೇ ಬ್ಯಾಟನ್ನು ಗಾಳಿಯಲ್ಲಿ ಬೀಸಿ ತಿರುಗಿಬಿಟ್ಟಿದ್ದರು. ನೆಲ ಮುಟ್ಟಬೇಕಾದರೆ ಬಗ್ಗಬೇಕಾಗುತ್ತದೆ.

ಅಂಪೈರ್ ಧಾರವಾಡದ ಒಂದು ಹೈಸ್ಕೂಲಿನ ಡ್ರಿಲ್ ಮಾಸ್ತರರು. ಸಿಳ್ಳೆ ಹಾಕಿ ಹಾಕಿ ಪಳಗಿದ ಅವರ ದನಿ ಬೇವಿನ ಮರದವರೆಗೆ ಕೇಳಿತು: 'ಗೆರಿ ಮುಟ್ಟಿಲ್ರಿ ನೀವು.'

ಕ್ಯಾಪ್ಟನ್ನರು ಅವರನ್ನು ನೋಡಲೂ ಇಲ್ಲ. ಕೈಯ ಗ್ಲೋವ್ಸ್ ಬಿಗಿ ಮಾಡಿಕೊಂಡರು.

ಹೀಗೆ ಮೂರರ ಬದಲು ಎರಡೇ ರನ್ ಸಿಕ್ಕು ನಾವು ನೂರಾ ಎಂಬತ್ತಾದೆವು. ಉಳಿದದ್ದು ಒಂದು ಚೆಂಡು, ಗೆಲ್ಲಲು ಎರಡು ರನ್, ಒಂದು ಸಿಕ್ಕರೆ ಸರಿಸಮ. ಈಗ ಆಡುವ ತುದಿಯಲ್ಲಿ ಇಮ್ತಿಯಾಜ್. ಅವನು ಬ್ಯಾಟನ್ನು ಕೊಡಲಿ ಹಿಡಿದಂತೆ ಹಿಡಿದು ಚೆಂಡನ್ನು ಹೇಗೋ ಮಿಡ್ ಆನ್ ಕಡೆಗೆ ತಳ್ಳಿ ಓಡಿದ. ಕೊನೆಯ ಚೆಂಡು, ಓಡದೆ ಬೇರೆ ದಾರಿಯೇ ಇಲ್ಲ, ಓಣಿಯ ಹುಡುಗರಿಗೂ ಗೊತ್ತಿರುವ ಮಾತು. ಅಲ್ಲಿ ನಿಂತ ಫೀಲ್ಡರ್ ಚೆಂಡನ್ನು ಕೈಚೆಲ್ಲಿ ಮತ್ತೆ ಹಿಡಿದ. ಆ ಹೊತ್ತಿನಲ್ಲಿ ಒಂದು ರನ್ನು ನಡೆದುಕೊಂಡು ಹೋಗಿ ತೆಗೆಯಬಹುದಿತ್ತು. ಇಮ್ತಿಯಾಜ್ ಕ್ಯಾಪ್ಟನ್ನರಿದ್ದ ತುದಿಗೆ ಬಂದೇಬಿಟ್ಟಿದ್ದ. ಕ್ಯಾಪ್ಟನ್ನರು ಗೆರೆಯೊಳಗೆ ಗಟ್ಟಿಯಾಗಿ ನಿಂತು ಕೈ ಎತ್ತಿದ್ದರು.

ಚೆಂಡು ಇಮ್ತಿಯಾಜ್ ಬಿಟ್ಟು ಬಂದ ತುದಿಗೆ ಹೋಯಿತು, ಗೂಟ ಬಿತ್ತು. ಇಮ್ತಿಯಾಜ್ ರನ್ ಔಟ್. ಕ್ಯಾಪ್ಟನ್ ಅಜೇಯ ಐವತ್ತು. ನಾವು ಒಂದು ರನ್ನಿಗೆ ಸೋತೆವು. ಗೆರೆ ಮುಟ್ಟಿದ್ದರೆ ಸರಿಸಮ, ಕೊನೆಗೆ ಓಡಿದ್ದರೂ ಸರಿಸಮ, ಎರಡನ್ನೂ ಮಾಡಿದ್ದರೆ ಗೆಲುವು. ಒಬ್ಬನೇ ಮನುಷ್ಯ ಎರಡೇ ಚೆಂಡಿನಲ್ಲಿ ಇಷ್ಟನ್ನು ಹಾಳು ಮಾಡಿದ್ದನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ಬೇವಿನ ನೆರಳಿಗೆ ಬಂದವರೇ ಅವರು ಮೊದಲು ಕೇಳಿದ್ದು ರನ್ ಬರೆಯುವವನನ್ನು: 'ನಂದು ಐವತ್ತು ಬರದಿ ಹೌದಲ್ಲೋ?'

ಸೋಮವಾರ ಮಧ್ಯಾಹ್ನ ನಾನೂ ಇಮ್ತಿಯಾಜನೂ ಕ್ಯಾಂಟೀನಿನಲ್ಲಿ ಕೂತಿದ್ದೆವು. ಕ್ಯಾಪ್ಟನ್ನರು ತಾವೇ ಚಹಾದ ಕಪ್ಪು ಹಿಡಿದುಕೊಂಡು ನಮ್ಮ ಟೇಬಲ್ಲಿಗೆ ಬಂದರು. ಆ ಟೇಬಲ್ಲಿಗೆ ಅವರು ಹಿಂದೆಂದೂ ಬಂದಿರಲಿಲ್ಲ. ಊರಿಂದ ಬಂದ ಜಿ.ಎಂ. ಸಾಹೇಬರು ಸಂಜೆ ಎಲ್ಲರನ್ನೂ ಕರೆದಿದ್ದಾರೆ, ಹೇಗೆ ಸೋತಿರಿ ಎಂದು ಕೇಳುತ್ತಾರೆ, ಬಹಳ ಸಿಟ್ಟಿನಲ್ಲಿದ್ದಾರೆ ಎಂದರು. ಕ್ಯಾಪ್ಟನ್ನನೇ ತಪ್ಪಿದ ಎಂದರೆ ಅವರು ತಂಡವನ್ನೇ ಮುಚ್ಚಿಬಿಟ್ಟಾರು, ಹನ್ನೊಂದು ಮನೆಯ ಅನ್ನ ಹೋದೀತು ಎಂದರು. ಹೊಸ ಹುಡುಗ, ಗಡಿಬಿಡಿಯಲ್ಲಿ ಗೆರೆ ಮುಟ್ಟಲಿಲ್ಲ ಎಂದರೆ ಯಾರೂ ಏನೂ ಅನ್ನುವುದಿಲ್ಲ, ವಯಸ್ಸು ಅಂಥದ್ದು. ಇಷ್ಟು ಹೇಳಿ ಇಮ್ತಿಯಾಜನ ಭುಜದ ಮೇಲೆ ಕೈಯಿಟ್ಟರು.

'ಇದೊಂದ್ ನಿನ್ನ ಮ್ಯಾಲೆ ತಗೋ. ನಿನ್ನ ಪರ್ಮನೆಂಟ್ ಕೆಲಸ ನಾ ನೋಡ್ಕೊಂತೇನಿ.'

ನಾನು ಇಮ್ತಿಯಾಜನ ಮುಖ ನೋಡಿದೆ. ಗದಗಿನ ಹುಡುಗಿ ನನಗೇ ನೆನಪಾದಳು ಎಂದ ಮೇಲೆ ಅವನಿಗೆ ನೆನಪಾಗದೆ ಇದ್ದಾಳೇ? ಅವನು ಮೆಲ್ಲಗೆ, ಜಗಳದ ದನಿಯೇ ಇಲ್ಲದೆ ಹೇಳಿದ:

'ಆ ರನ್ ನಿಮ್ದ ರೀ ಸರ್. ನಾ ಹೆಂಗ ತಗೊಳ್ಲಿ?'

ಕ್ಯಾಪ್ಟನ್ನರು ಕೈ ತೆಗೆದರು. ಚಹಾ ಕುಡಿಯದೆ ಎದ್ದು ಹೋದರು.

ಸಂಜೆ ಜಿ.ಎಂ. ಸಾಹೇಬರ ಕೋಣೆಯಲ್ಲಿ ಅವರು ಹೇಳಬೇಕಾದ್ದನ್ನು ಹೇಳಿಯೇ ಹೇಳಿದರು. ಅದೂ ದುಃಖದ ದನಿಯಲ್ಲಿ: ಹುಡುಗನದು ತಪ್ಪಿಲ್ಲ, ಅನುಭವ ಸಾಲದು, ಗೆರೆ ಮುಟ್ಟಲಿಲ್ಲ, ಆಮೇಲೆ ಇಲ್ಲದ ರನ್ನಿಗೆ ಓಡಿ ಔಟಾದ, ನಾನು ಕೈ ಎತ್ತಿ ಕೂಗಿದರೂ ಕೇಳಲಿಲ್ಲ. ಇಮ್ತಿಯಾಜ್ ನೆಲ ನೋಡುತ್ತ ನಿಂತಿದ್ದ. ಅವನು ಮಾತಾಡುವವನಲ್ಲ ಎಂದು ನನಗೆ ಗೊತ್ತಿತ್ತು. ಗೆರೆ ಮುಟ್ಟದವರು ಕ್ಯಾಪ್ಟನ್ ಸಾಹೇಬರು, ಅಂಪೈರ್ ಅವರ ಎದುರಿಗೇ ಹಾಗೆಂದು ಹೇಳಿದ್ದಾರೆ, ಬೇಕಾದರೆ ಅವರನ್ನೇ ಕೇಳಿ ಎಂದು ನಾನು ಹೇಳಿದೆ. ಜಿ.ಎಂ. ಸಾಹೇಬರು ನನ್ನನ್ನು ಮೇಲೆ ಕೆಳಗೆ ನೋಡಿ, ನಿಮ್ಮ ವಿಭಾಗ ಯಾವುದು ಎಂದು ಕೇಳಿದರು. ಸ್ಟೋರ್ ಎಂದೆ.

'ಹಂಗಾರ ಸ್ಟೋರಿಗೆ ನಡೀರಿ' ಎಂದರು.

ಮುಂದಿನ ಮ್ಯಾಚಿಗೆ ಕೀಪರ್ ಬೇರೆಯವನು. ನಾನೂ ಇಮ್ತಿಯಾಜನೂ ಧಾರವಾಡಕ್ಕೆ ಹೋಗಿ ಆ ಡ್ರಿಲ್ ಮಾಸ್ತರರನ್ನು ಕಂಡೆವು. ಅವರು ಕೂಡ್ರಿಸಿ ಫೇಡೆ ಕೊಟ್ಟು, ಯಾರು ಬಂದು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದರು. ಯಾರೂ ಹೋಗಿ ಕೇಳಲಿಲ್ಲ. ಆರು ತಿಂಗಳು ತುಂಬಿದ ದಿನ ಇಮ್ತಿಯಾಜನಿಗೆ ಇನ್ನು ಬರಬೇಡ ಎಂದರು. ಬೌಲಿಂಗಿಲ್ಲದ ತಂಡ ಆ ವರ್ಷ ಒಂದರ ಮೇಲೊಂದು ಸೋತಿತು. ಕ್ಯಾಪ್ಟನ್ನರ ಸರಾಸರಿ ಮಾತ್ರ ಏರುತ್ತಲೇ ಹೋಯಿತು. ಮರುವರ್ಷ ಜಿ.ಎಂ. ಸಾಹೇಬರ ಹುಮ್ಮಸ್ಸೂ ಇಳಿದು ತಂಡ ತಾನಾಗಿಯೇ ಮುಚ್ಚಿತು. ಅಷ್ಟಕ್ಕಾಗಿ ಒಬ್ಬ ಹುಡುಗನ ನೌಕರಿ ಹೋಯಿತು, ಗದಗಿನ ಮಾತೂ ಮುರಿಯಿತು.

ಇಮ್ತಿಯಾಜ್ ತಂದೆಯ ಲೇಥಿಗೆ ಕೂತ. ಗ್ಯಾರೇಜೂ ಹಾಕಿದ, ಬೇರೆ ಕಡೆ ಮದುವೆಯೂ ಆಯಿತು. ಕೆಲವು ವರ್ಷಗಳ ನಂತರ ನಾನು ಅವನ ಗ್ಯಾರೇಜಿಗೆ ಹೋದಾಗ ನಗುತ್ತ ಒಂದು ಸುದ್ದಿ ಹೇಳಿದ. ಕ್ಯಾಪ್ಟನ್ನರು ತಮ್ಮ ಕಾರು ರಿಪೇರಿಗೆ ಅಲ್ಲಿಗೇ ತಂದಿದ್ದರಂತೆ. ಇವನನ್ನು ಗುರುತು ಹಿಡಿದು, ಎಂಥ ಕೈ ನಿನ್ನದು, ಹಟ ಮಾಡಿ ಆಟ ಬಿಟ್ಟೆಯಲ್ಲ, ತಪ್ಪು ಮಾಡಿದೆ ಎಂದು ಬುದ್ಧಿ ಹೇಳಿದರಂತೆ.

'ನೀ ಏನಂದಿ?' ಎಂದು ಕೇಳಿದೆ.

'ಬ್ರೇಕ್ ಪ್ಯಾಡ್ ಸವದಾವ್ರಿ ಸರ್ ಅಂದ್ನಿ ಅಣ್ಣಾ' ಎಂದ. ಅವನಿಗೆ ನಗು ಬರುತ್ತಿತ್ತು. ನನಗೆ ಬರಲಿಲ್ಲ.

ಆ ಮ್ಯಾಚಿನ ಕಥೆಯನ್ನು ಅವರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಹೇಳಿದ ಹಾಗೆ ಕಥೆಯೂ ಬೆಳೆಯಿತು. ಗೆರೆ ಮುಟ್ಟದವನು ಮೊದಲು ಇಮ್ತಿಯಾಜ್. ತಂಡ ಮುಚ್ಚಿದ ಮೇಲೆ, ಅಂಪೈರ್ ಧಾರವಾಡದವನು, ತನ್ನೂರಿನ ತಂಡಕ್ಕೆ ಒಲಿದ ಎಂದಾಯಿತು. ಎರಡು ಸಾವಿರದ ನಂತರ ಅವರು ನಿವೃತ್ತರಾಗಿ ದಿನಾ ಮುಂಜಾನೆ ಉಣಕಲ್ ಕೆರೆಯ ಏರಿಯ ಮೇಲೆ ವಾಕಿಂಗ್ ಬರತೊಡಗಿದರು. ನಾನು ಉಣಕಲ್ಲಿನಲ್ಲೇ ಮನೆ ಮಾಡಿದ್ದೆ. ಒಂದು ದಿನ ಕಲ್ಲುಬೆಂಚಿನ ಮೇಲೆ ನಾಲ್ಕಾರು ನಿವೃತ್ತರ ನಡುವೆ ಕೂತು ಅವರು ಅದೇ ಕಥೆ ಹೇಳುತ್ತಿದ್ದರು. ನಾನೂ ನಿಂತು ಕೇಳಿದೆ. ತಲೆ ಬೋಳಾಗಿ ಗಡ್ಡ ಬಿಟ್ಟ ನನ್ನನ್ನು ಅವರು ಗುರುತಿಸಲಿಲ್ಲ.

'ಎಲ್ಲಾ ನಾ ಒಬ್ಬನ ದಂಡಿಗೆ ಮುಟ್ಟಿಸಿದ್ದೆ. ನಮ್ಮ ಕೀಪರ್ ಒಬ್ಬಾಂವ ಇದ್ದ, ಸ್ಟೋರಿನಾಂವ. ಅಂವ ಗೆರಿ ಮುಟ್ಟಲಿಲ್ಲ, ಮ್ಯಾಚ್ ಹೋತು.'

ಗೆರೆ ತಪ್ಪಿದ ಆ ಹೊತ್ತಿಗೆ ನಾನು ಔಟಾಗಿ ಬೇವಿನ ನೆರಳಿಗೆ ಬಂದು ಒಂದು ತಾಸು ಆಗಿತ್ತು.

'ಸರ್, ಆ ಕೀಪರ್ ನಾನ ರೀ' ಎಂದೆ.

ಕೂತವರೆಲ್ಲ ನನ್ನ ಕಡೆ ತಿರುಗಿದರು. ಸಿಕ್ಕಿಬಿದ್ದ ಮನುಷ್ಯನ ಮುಖ ಹೇಗಾಗುತ್ತದೆ ನೋಡೋಣ ಎಂದು ಕಾಯುತ್ತಿದ್ದೆ. ಅವರ ಮುಖ ಅರಳಿತು. ಎರಡೂ ಕೈ ಚಾಚಿ ನನ್ನ ಕೈ ಹಿಡಿದು, ಪಕ್ಕಕ್ಕೆ ಕೂಡ್ರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

'ಇರ್ಲಿ ಬಿಡಪಾ. ನಾ ನಿಂಗ ಯಾವತ್ತೋ ಮಾಫ್ ಮಾಡೇನಿ.'

ನಾಲ್ಕಾರು ಮುದುಕರು ತಲೆದೂಗಿದರು. ಇಂಥ ದೊಡ್ಡ ಮನಸ್ಸು ಯಾರಿಗುಂಟು? ಸುಳ್ಳು ಹೇಳುವವನ ಎದುರು ನಿಲ್ಲಬಹುದು. ತನ್ನ ಸುಳ್ಳನ್ನು ಇಷ್ಟು ಸುಖವಾಗಿ ನಂಬಿಕೊಂಡವನ ಎದುರು ಏನು ಮಾಡುತ್ತೀರಿ? ಅಂದಿನಿಂದ ನಾನು ಏರಿಯ ಇನ್ನೊಂದು ಕಡೆಯಿಂದ ನಡೆಯತೊಡಗಿದೆ. ಕೆಲವು ವರ್ಷ ಆ ಕಡೆಯಿಂದ ಅವರ ಬಿಳಿ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು. ಹೋದ ತಿಂಗಳಿಂದ ಅದೂ ಇಲ್ಲ.

ಶ್ರದ್ಧಾಂಜಲಿ ಸಭೆ ಮುಗಿದ ಮರುದಿನ ಅವರ ಮನೆಗೆ ಹೋದೆ. ಹೋಗುವ ಮನಸ್ಸಿರಲಿಲ್ಲ. ಆದರೆ ಅವರ ಹೆಂಡತಿ, ಅತ್ತಿಗೆ ಎಂಬರ್ಥದಲ್ಲಿ ನಾವೆಲ್ಲ ವೈನಿ ಎನ್ನುತ್ತಿದ್ದವರು, ಎಷ್ಟೋ ಮ್ಯಾಚುಗಳಿಗೆ ನಮಗೆಲ್ಲ ಚಪಾತಿ ಕಟ್ಟಿ ಕಳಿಸಿದ್ದರು. ಗಂಡ ಅದನ್ನು ಮೊದಲು ತಾನು ತಿಂದು ಆಮೇಲೆ ನಮಗೆ ಹಂಚುತ್ತಾನೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ವೈನಿ ಚಹಾ ಕೊಟ್ಟು ಎದುರಿಗೆ ಕೂತರು. ಕಡೆಯ ದಿನಗಳ ಮಾತಾಯಿತು, ಆಸ್ಪತ್ರೆಯ ಮಾತಾಯಿತು. ಸಭೆಯಲ್ಲಿ ಎಲ್ಲರೂ ಅವರ ಆಟದ ಬಗ್ಗೆ ಬಹಳ ಹೇಳಿದರಂತೆ ಹೌದೇ ಎಂದು ಕೇಳಿದರು. ಹೌದೆಂದೆ. ತಮಗೆ ಆಟ ತಿಳಿಯುವುದಿಲ್ಲ, ಒಮ್ಮೆಯೂ ನೋಡಲು ಹೋಗಿಲ್ಲ ಎಂದರು. ಆಮೇಲೆ ಅಂದರು:

'ಒಂದ ಮಾತು ಖರೇ ರೀ. ನಮ್ಮ ಓಣ್ಯಾಗ ಇನ್ನಿಬ್ಬರು ಆಡಾಕ ಹೋಗ್ತಿದ್ರು. ಅವರ ಮನಿ ಹೆಣ್ಮಕ್ಕಳು ಸೋಮವಾರ ಮುಂಜಾನೆ ಬಿಳೇ ಪ್ಯಾಂಟು ತಿಕ್ಕಿ ತಿಕ್ಕಿ ಧಾರವಾಡದ ಕೆಂಪ ಮಣ್ಣಿಗೆ ಬೈತಿದ್ರು. ನಂಗ ಆ ತ್ರಾಸ ಎಂದೂ ಆಗಲಿಲ್ರಿ. ಹೆಂಗ ಇಸ್ತ್ರಿ ಮಾಡಿ ಕೊಟ್ಟಿರ್ತಿದ್ನೋ ಹಂಗ ಬರ್ತಿದ್ರು. ಅಷ್ಟು ವರ್ಷದಾಗ ಒಂದ್ ಸಲನೂ ಮಣ್ಣು ಹತ್ತಿದ್ದ ನೋಡಿಲ್ಲ.'

ಹೊಗಳಿದರೋ ಏನು ಹೇಳಿದರೋ ತಿಳಿಯದೆ ನಾನು ಅವರತ್ತ ನೋಡಿದೆ. ಅವರು ನನ್ನ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋಗುತ್ತಿದ್ದರು.